ಹೈಸ್ಕೂಲ್ ಆಟಗಾರರಿಗೆ ಹಣ: ಅಮೆರಿಕದಲ್ಲಿ ಮಸುಕಾಗುತ್ತಿರುವ ಒಂದು ಗೆರೆ

2025ರ ನವೆಂಬರ್‌ನಲ್ಲಿ ಅಮೆರಿಕದ ಒಹಾಯೊ ರಾಜ್ಯದ ಹೈಸ್ಕೂಲುಗಳು ತುರ್ತಾಗಿ ಮತ ಹಾಕಿದವು. ಪ್ರಶ್ನೆ ಇಷ್ಟೇ. ಶಾಲಾ ತಂಡದಲ್ಲಿ ಆಡುವ ಮಕ್ಕಳು ತಮ್ಮ ಹೆಸರು, ಫೋಟೋ, ಜನಪ್ರಿಯತೆಯಿಂದ ದುಡ್ಡು ಮಾಡಿಕೊಳ್ಳಬಹುದಾ? 815 ಶಾಲೆಗಳಲ್ಲಿ 447 ಹೌದು ಎಂದವು, 121 ಬೇಡ ಎಂದವು. ಉಳಿದ 247 ಶಾಲೆಗಳು ಯಾವ ಕಡೆಗೂ ಮತ ಹಾಕಲಿಲ್ಲ. 2022ರಲ್ಲಿ ಇಂಥದ್ದೇ ಪ್ರಸ್ತಾಪ ಬಂದಾಗ ಇದೇ ಶಾಲೆಗಳು 538–254 ಮತಗಳಿಂದ ಅದನ್ನು ತಳ್ಳಿಹಾಕಿದ್ದವು.

ಸುದ್ದಿ ಓದಿದ ಅನೇಕರಿಗೆ ಗೊಂದಲ. ಇನ್ನು ಶಾಲೆಗಳೇ ಮಕ್ಕಳಿಗೆ ಸಂಬಳ ಕೊಡುತ್ತವಾ? ಇಲ್ಲ. ಕೋಚ್ ಒಬ್ಬ ಬೇರೆ ಊರಿನ ಒಳ್ಳೆಯ ಹುಡುಗನಿಗೆ ದುಡ್ಡು ಕೊಟ್ಟು ತನ್ನ ಶಾಲೆಗೆ ಕರೆತರಬಹುದಾ? ಅದೂ ಇಲ್ಲ, ಕಾಗದದ ಮೇಲೆ. ಈ ‘ಕಾಗದದ ಮೇಲೆ’ ಎಂಬಲ್ಲಿಯೇ ಇಡೀ ಸಮಸ್ಯೆ ಕುಳಿತಿದೆ. ಹೆಸರಿಗೆ ಸಿಗುವ ಹಣ ಒಂದು, ಆಟಗಾರನನ್ನು ಸೆಳೆಯಲು ಕೊಡುವ ಹಣ ಇನ್ನೊಂದು. ಮೊದಲನೆಯದಕ್ಕೆ ಒಪ್ಪಿಗೆ ಇದೆ, ಎರಡನೆಯದಕ್ಕೆ ಇಲ್ಲ. ಆದರೆ ಎರಡೂ ಒಂದೇ ಜೇಬಿನಿಂದ ಬಂದು ಒಂದೇ ಜೇಬಿಗೆ ಹೋಗುವಾಗ ಯಾವುದು ಯಾವುದೆಂದು ಹೇಳುವವರು ಯಾರು?

ಎರಡು ಜೆರ್ಸಿಗೆ ಸಿಕ್ಕ ಶಿಕ್ಷೆ

ಇದೇ ಒಹಾಯೊದಲ್ಲಿ, 2003ರ ಜನವರಿಯಲ್ಲಿ, ಲೆಬ್ರಾನ್ ಜೇಮ್ಸ್ ಎಂಬ ಬಾಸ್ಕೆಟ್‌ಬಾಲ್ ಆಡುವ ಹುಡುಗ ಹೈಸ್ಕೂಲಿನ ಕೊನೇ ವರ್ಷದಲ್ಲಿದ್ದ. ಆಗಲೇ ಅವನ ಪಂದ್ಯಗಳು ರಾಷ್ಟ್ರೀಯ ಟಿವಿಯಲ್ಲಿ ಬರುತ್ತಿದ್ದವು. ನೋಡಲು ಬರುವವರು ಜಾಸ್ತಿಯಾಗಿ ಶಾಲೆಯ ಆಟದ ಹಾಲ್ ಸಾಲದಾಯಿತು. ಪಂದ್ಯಗಳನ್ನು ಆಕ್ರನ್ ವಿಶ್ವವಿದ್ಯಾಲಯದ ಒಳಾಂಗಣಕ್ಕೆ ಸಾಗಿಸಿದರು. ಟಿಕೆಟ್ ಮಾರಿದವರಿಗೆ ಹಣ ಬಂತು, ಪ್ರಸಾರ ಮಾಡಿದವರಿಗೂ ಬಂತು.

ಒಂದು ಬಟ್ಟೆ ಅಂಗಡಿಯವರು ಅವನಿಗೆ ಎರಡು ಹಳೇ ಶೈಲಿಯ ಜೆರ್ಸಿ ಉಡುಗೊರೆ ಕೊಟ್ಟರು. ಅವನು ಅಂಗಡಿಯ ಗೋಡೆಗೆ ಹಾಕಲು ಫೋಟೋಗೆ ನಿಂತ. ಎರಡೂ ಸೇರಿ ಬೆಲೆ 845 ಡಾಲರ್. ಒಹಾಯೊದ ಹೈಸ್ಕೂಲ್ ಕ್ರೀಡಾ ಸಂಘ ಅವನನ್ನು ಅನರ್ಹ ಎಂದು ಘೋಷಿಸಿತು. ಅವನ ಕಡೆಯವರು ಕೋರ್ಟಿಗೆ ಹೋದ ಮೇಲೆ ಶಿಕ್ಷೆ 2 ಪಂದ್ಯಕ್ಕೆ ಇಳಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ, ಶಾಲೆ ಮುಗಿಯುವ ಹೊತ್ತಿಗೆ, ನೈಕಿ ಕಂಪನಿ ಅವನೊಂದಿಗೆ ಸುಮಾರು 9 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಜನವರಿಯಲ್ಲಿ ತಪ್ಪಾಗಿದ್ದು ಮೇನಲ್ಲಿ ಸರಿಯಾಗಿದ್ದು ಹೇಗೆ? ಹುಡುಗ ಅದೇ, ಅವನ ಹೆಸರಿನ ಬೆಲೆಯೂ ಅದೇ. ಬದಲಾಗಿದ್ದು ಅವನು ಶಾಲಾ ತಂಡದಲ್ಲಿ ಇದ್ದಾನಾ ಇಲ್ಲವಾ ಎಂಬುದಷ್ಟೇ.

ಹಳೆಯ ನಿಯಮಕ್ಕೂ ಅದರದೇ ಕಾರಣವಿತ್ತು. ಉಡುಗೊರೆಗೆ ಬಾಗಿಲು ತೆರೆದರೆ ಶ್ರೀಮಂತ ಅಭಿಮಾನಿಗಳು ಆ ಬಾಗಿಲಿನಿಂದಲೇ ಒಳಗೆ ಬಂದು ಒಳ್ಳೆಯ ಆಟಗಾರರನ್ನು ತಮ್ಮ ಇಷ್ಟದ ಶಾಲೆಗೆ ಎಳೆದುಕೊಳ್ಳುತ್ತಾರೆ ಎಂಬ ಭಯ. ಈ ಭಯ ಸುಳ್ಳಾಗಿರಲಿಲ್ಲ. ಆದರೆ ಆ ಭಯದ ಪೂರ್ತಿ ಬೆಲೆಯನ್ನು ಕಟ್ಟಿದ್ದು ಆಡುವ ಮಕ್ಕಳು ಮಾತ್ರ.

ಶಾಲೆಯ ಆಟ ಅಲ್ಲಿ ಇಷ್ಟು ದೊಡ್ಡದು ಯಾಕೆ

ನಮ್ಮ ಓದುಗರಿಗೆ ಒಂದು ಮಾತು ಮೊದಲೇ ಹೇಳಬೇಕು. ಅಮೆರಿಕದ ಹೈಸ್ಕೂಲ್ ಎಂದರೆ ನಮ್ಮ ಒಂಬತ್ತನೇ ತರಗತಿಯಿಂದ ಸೆಕೆಂಡ್ ಪಿಯುಸಿವರೆಗಿನ ನಾಲ್ಕು ವರ್ಷ. ಮಕ್ಕಳ ವಯಸ್ಸು 14ರಿಂದ 18. ನಮ್ಮಲ್ಲಿ ಕ್ರಿಕೆಟ್ ಆಡುವ ಹುಡುಗ ಮೇಲೆ ಬರುವುದು ಕ್ಲಬ್, ವಲಯ, ರಾಜ್ಯದ ವಯೋಮಿತಿ ತಂಡಗಳ ಮೂಲಕ. ಶಾಲೆಗೆ ಅದರಲ್ಲಿ ಪಾತ್ರವಿದ್ದರೂ ಏಣಿ ಶಾಲೆಯದಲ್ಲ. ಹಾಗಾಗಿಯೇ 2024ರ ಐಪಿಎಲ್ ಹರಾಜಿನಲ್ಲಿ 13 ವರ್ಷದ ವೈಭವ್ ಸೂರ್ಯವಂಶಿಯನ್ನು ರಾಜಸ್ಥಾನ ತಂಡ 1.10 ಕೋಟಿ ರೂಪಾಯಿಗೆ ಕೊಂಡಾಗ, ‘ಇನ್ನು ಇವನು ಶಾಲಾ ತಂಡದಲ್ಲಿ ಆಡಬಹುದಾ’ ಎಂಬ ಪ್ರಶ್ನೆ ಯಾರಿಗೂ ದೊಡ್ಡದಾಗಿ ಕಾಣಲಿಲ್ಲ.

ಅಮೆರಿಕದಲ್ಲಿ ಏಣಿಯೇ ಶಾಲೆ. ಅಮೆರಿಕನ್ ಫುಟ್‌ಬಾಲ್‌ನಲ್ಲಂತೂ ಹೈಸ್ಕೂಲ್, ಆಮೇಲೆ ಕಾಲೇಜು, ಆಮೇಲೆ ವೃತ್ತಿಪರ ಲೀಗ್. ಬೇರೆ ದಾರಿ ಇಲ್ಲವೆಂದೇ ಹೇಳಬಹುದು. ವರ್ಷಕ್ಕೆ 80 ಲಕ್ಷಕ್ಕೂ ಹೆಚ್ಚು ಆಟಗಾರರು ಹೈಸ್ಕೂಲ್ ತಂಡಗಳಲ್ಲಿ ಆಡುತ್ತಾರೆ (ಎರಡು ಆಟ ಆಡುವವರನ್ನು ಎರಡು ಸಲ ಎಣಿಸಿದ ಲೆಕ್ಕ ಇದು). ಕಾಲೇಜು ಕ್ರೀಡೆಯ ದೊಡ್ಡ ಸಂಸ್ಥೆಯಾದ ಎನ್‌ಸಿಎಎ ಅಡಿಯಲ್ಲಿ ಆಡುವವರು 5 ಲಕ್ಷ ಚಿಲ್ಲರೆ. ಈ ಕಿರಿದಾದ ಬಾಗಿಲಿನ ಮುಂದೆ ನಿಂತ ಮಕ್ಕಳಲ್ಲಿ ಯಾರು ಒಳಗೆ ಹೋಗುತ್ತಾರೆ ಎಂದು ಕಾಲೇಜು ಕೋಚ್‌ಗಳು ತೀರ್ಮಾನಿಸುತ್ತಾರೆ. ಅದನ್ನೇ ಅಲ್ಲಿ ರಿಕ್ರೂಟಿಂಗ್ ಅನ್ನುವುದು. ಕಾಲೇಜಿನಲ್ಲಿ ಹಣದ ನಿಯಮ ಬದಲಾದರೆ ಅದರ ಬಿಸಿ ಹೈಸ್ಕೂಲಿಗೆ ತಟ್ಟಲೇಬೇಕು.

ಮೇಲಿನ ಅಣೆಕಟ್ಟು ಒಡೆದಾಗ

2019ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ತಂದಿತು. ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಮಾಡಿದರೆ ಶಿಕ್ಷಿಸುವಂತಿಲ್ಲ ಎಂದಿತು. ಬೇರೆ ರಾಜ್ಯಗಳೂ ಹಿಂದೆಯೇ ಹೊರಟವು. 2021ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎನ್‌ಸಿಎಎ ವಿರುದ್ಧ 9–0 ತೀರ್ಪು ಕೊಟ್ಟಿತು. ಆ ಮೊಕದ್ದಮೆ ಇದ್ದದ್ದು ಓದಿಗೆ ಸಂಬಂಧಪಟ್ಟ ಸೌಲಭ್ಯಗಳ ಬಗ್ಗೆ ಮಾತ್ರ. ಆದರೆ ಅದರ ಸಂದೇಶ ದೊಡ್ಡದಿತ್ತು. ಕಾಲೇಜುಗಳೆಲ್ಲ ಕೂಡಿ ‘ಯಾರೂ ಇಷ್ಟಕ್ಕಿಂತ ಜಾಸ್ತಿ ಕೊಡಬಾರದು’ ಎಂದು ಒಪ್ಪಂದ ಮಾಡಿಕೊಂಡರೆ, ಸ್ಪರ್ಧೆಯನ್ನು ಕಟ್ಟಿಹಾಕುವುದರ ವಿರುದ್ಧ ಇರುವ ಕಾನೂನು ಅವರಿಗೂ ಅನ್ವಯಿಸುತ್ತದೆ. ಹತ್ತೇ ದಿನದಲ್ಲಿ, ಜುಲೈ 1ರಿಂದ, ಎನ್‌ಸಿಎಎ ಹೆಸರು, ಚಿತ್ರ, ರೂಪದ ಹಣಕ್ಕೆ ದಾರಿ ಬಿಟ್ಟಿತು. ಇಂಗ್ಲಿಷ್‌ನ ಮೊದಲಕ್ಷರಗಳಿಂದ ಇದಕ್ಕೆ ಎನ್‌ಐಎಲ್ ಎಂಬ ಹೆಸರು ನಿಂತಿತು.

ಆಲೋಚನೆ ಏನೋ ಚೆನ್ನಾಗಿತ್ತು. ಊರಿನ ಕಾರ್ ಡೀಲರ್ ಜಾಹೀರಾತಿಗೆ ಆಟಗಾರನನ್ನು ಕರೆಯುತ್ತಾನೆ, ದುಡ್ಡು ಕೊಡುತ್ತಾನೆ. ಆದರೆ ಬೇಗನೇ ‘ಕಲೆಕ್ಟಿವ್’ ಎಂಬ ಗುಂಪುಗಳು ಹುಟ್ಟಿದವು. ಒಂದು ಕಾಲೇಜಿನ ಶ್ರೀಮಂತ ಅಭಿಮಾನಿಗಳು ಸೇರಿ ಹಣ ಹಾಕುವುದು, ಆ ಹಣವನ್ನು ಎನ್‌ಐಎಲ್ ಹೆಸರಿನಲ್ಲಿ ಆಟಗಾರರಿಗೆ ಹಂಚುವುದು. ಹೆಸರಿಗೆ ಜಾಹೀರಾತು, ನಿಜದಲ್ಲಿ ತಂಡಕ್ಕೆ ಬರಲು ಕೊಡುವ ಬೆಲೆ. ತಡೆಯಲು ಹೋದ ಎನ್‌ಸಿಎಎಗೆ 2024ರ ಫೆಬ್ರವರಿಯಲ್ಲಿ ಟೆನೆಸಿಯ ಫೆಡರಲ್ ನ್ಯಾಯಾಧೀಶರು ಅಡ್ಡಹಾಕಿದರು. ಕಾಲೇಜು ಸೇರುವ ಮೊದಲೇ ಆಟಗಾರರು ಇಂಥ ಗುಂಪುಗಳ ಜೊತೆ ಹಣದ ಮಾತು ಆಡುವುದನ್ನು ಶಿಕ್ಷಿಸಬೇಡಿ ಎಂದರು. ಕಾಲೇಜು ಸೇರುವ ಮೊದಲು ಅಂದರೆ ಆ ಆಟಗಾರ ಎಲ್ಲಿರುತ್ತಾನೆ? ಸಾಮಾನ್ಯವಾಗಿ ಹೈಸ್ಕೂಲಿನಲ್ಲಿ.

2025ರ ಜೂನ್‌ನಲ್ಲಿ ಎನ್‌ಸಿಎಎ ಮತ್ತು ಆಟಗಾರರ ನಡುವಿನ ಒಂದು ದೊಡ್ಡ ರಾಜಿ ಒಪ್ಪಂದಕ್ಕೆ ಕೋರ್ಟ್ ಮುದ್ರೆ ಒತ್ತಿತು. ಹಳೆಯ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ. ಮುಂದೆ ಈ ರಾಜಿಯನ್ನು ಒಪ್ಪಿದ ಪ್ರತಿ ಕಾಲೇಜೂ ತನ್ನ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್. ನಮ್ಮ ಲೆಕ್ಕದಲ್ಲಿ ಹತ್ತಿರಹತ್ತಿರ 180 ಕೋಟಿ ರೂಪಾಯಿ. ಅದೇ ಆಗಸ್ಟ್‌ನಿಂದ ಕಾಲೇಜುಗಳು ಹೈಸ್ಕೂಲಿನ ಕೊನೇ ವರ್ಷದ ಮಕ್ಕಳಿಗೆ ಹಣದ ಮೊತ್ತ ಬರೆದ ಪತ್ರ ಕಳಿಸಲು ಶುರುಮಾಡಿದವು.

ಒಂದು ರಾಜ್ಯ ಬಿಟ್ಟರೆ ಇನ್ನೊಂದು ಬಿಡಲೇಬೇಕು

ಕಾಲೇಜು ಕ್ರೀಡೆಗೆ ಒಂದು ದೊಡ್ಡ ಸಂಸ್ಥೆ ಇದೆ. ಹೈಸ್ಕೂಲಿಗೆ ಹಾಗಿಲ್ಲ. ಒಂದೊಂದು ರಾಜ್ಯಕ್ಕೆ ಒಂದೊಂದು ಸಂಘ, ಒಂದೊಂದು ನಿಯಮ. ಕ್ಯಾಲಿಫೋರ್ನಿಯಾದ ನಿಯಮದಲ್ಲಿ ಮಕ್ಕಳು ಶಾಲೆಯ ಹೆಸರು, ಲೋಗೋ ಬಳಸದಿದ್ದರೆ ಮೊದಲಿನಿಂದಲೂ ಅಡ್ಡಿ ಇರಲಿಲ್ಲ. ಟೆಕ್ಸಸ್‌ನಲ್ಲಿ ಆಗ ಪೂರ್ತಿ ನಿಷೇಧ ಇತ್ತು.

ಇದರ ಪರಿಣಾಮ 2021ರಲ್ಲೇ ಕಂಡಿತು. ಟೆಕ್ಸಸ್‌ನ ಕ್ವಾರ್ಟರ್‌ಬ್ಯಾಕ್ (ಅಮೆರಿಕನ್ ಫುಟ್‌ಬಾಲ್‌ನಲ್ಲಿ ತಂಡದ ದಾಳಿಯನ್ನು ನಡೆಸುವ ಆಟಗಾರ) ಕ್ವಿನ್ ಯೂವರ್ಸ್ ಹೈಸ್ಕೂಲಿನ ಕೊನೇ ವರ್ಷವನ್ನೇ ಬಿಟ್ಟು ಒಹಾಯೊ ಸ್ಟೇಟ್ ಕಾಲೇಜು ಸೇರಿದ. ಸ್ವಂತ ರಾಜ್ಯದಲ್ಲಿ ಉಳಿದರೆ ಒಂದು ಡಾಲರನ್ನೂ ಮುಟ್ಟುವಂತಿರಲಿಲ್ಲ. ಕಾಲೇಜು ಸೇರಿದ ಕೂಡಲೇ ಆಟೋಗ್ರಾಫ್ ಮಾರಾಟದ ಸುಮಾರು 14 ಲಕ್ಷ ಡಾಲರಿನ ಒಪ್ಪಂದ ಆಗಿದೆ ಎಂದು ವರದಿಯಾಯಿತು. ಮಕ್ಕಳು ಶಾಲೆಯಲ್ಲಿ ಮಕ್ಕಳಾಗಿಯೇ ಇರಲಿ ಎಂದು ಮಾಡಿದ ನಿಯಮ ಒಬ್ಬ ಹುಡುಗನನ್ನು ಒಂದು ವರ್ಷ ಮೊದಲೇ ಶಾಲೆಯಿಂದ ಹೊರಗೆ ಕಳಿಸಿತು.

ಇಂಥ ಉದಾಹರಣೆ ಕಂಡ ಮೇಲೆ ರಾಜ್ಯಗಳು ಒಂದೊಂದಾಗಿ ಸಡಿಲಿಸಿದವು. 2023ರಲ್ಲಿ ಜಾರ್ಜಿಯಾ, 2024ರಲ್ಲಿ ಫ್ಲಾರಿಡಾ. ನಾರ್ತ್ ಕ್ಯಾರೊಲಿನಾದಲ್ಲಿ ಸರ್ಕಾರಿ ಶಾಲೆಗಳ ಮಕ್ಕಳಿಗೆ ಮಾತ್ರ ನಿಷೇಧ ಇತ್ತು. 2024ರಲ್ಲಿ ಒಬ್ಬ ಆಟಗಾರನ ತಾಯಿ ಕೋರ್ಟಿಗೆ ಹೋದರು. ಖಾಸಗಿ ಶಾಲೆಯ ಹುಡುಗನಿಗೆ ಇರುವ ಅವಕಾಶ ನನ್ನ ಮಗನಿಗೆ ಯಾಕಿಲ್ಲ ಎಂಬುದು ಅವರ ವಾದದ ಒಂದು ಮುಖ್ಯ ಎಳೆ. ನ್ಯಾಯಾಲಯ ನಿಷೇಧಕ್ಕೆ ತಡೆ ಕೊಟ್ಟಿತು. 2025ರ ಅಕ್ಟೋಬರ್‌ನಲ್ಲಿ ಒಹಾಯೊದಲ್ಲೂ ಒಬ್ಬ ತಾಯಿ ಅದೇ ದಾರಿ ಹಿಡಿದರು. ನಿಯಮದಿಂದಾಗಿ ಮಗನಿಗೆ 1 ಲಕ್ಷ ಡಾಲರಿಗೂ ಹೆಚ್ಚು ಮೊತ್ತದ ಅವಕಾಶ ತಪ್ಪಿದೆ ಎಂದರು. ನ್ಯಾಯಾಧೀಶರು ತಾತ್ಕಾಲಿಕ ತಡೆ ಕೊಟ್ಟರು. ಆಗ ಸಂಘಕ್ಕೆ ಉಳಿದದ್ದು ಎರಡೇ ದಾರಿ. ಕೋರ್ಟ್ ಹೇಳಿದಂತೆ ಆಗಲಿ ಎಂದು ಸುಮ್ಮನಿರುವುದು, ಇಲ್ಲವೇ ತಾವೇ ನಿಯಮ ಬರೆಯುವುದು. ತುರ್ತು ಮತದಾನ ನಡೆದದ್ದು ಇದಕ್ಕೆ. ಆ 447 ಶಾಲೆಗಳಲ್ಲಿ ಎಷ್ಟೋ ಶಾಲೆಗಳು ಮನಸ್ಸಾರೆ ಒಪ್ಪಿದವು ಎಂದು ತಿಳಿಯಬೇಕಾಗಿಲ್ಲ. ಮತವನ್ನೇ ಹಾಕದ 247 ಶಾಲೆಗಳು ಆ ಇಕ್ಕಟ್ಟನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತವೆ.

ಇಂದು 40ಕ್ಕೂ ಹೆಚ್ಚು ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಅನುಮತಿ ಇದೆ. ಟೆಕ್ಸಸ್ ಕೂಡ 2025ರಲ್ಲಿ ಸ್ವಲ್ಪ ಸಡಿಲಿಸಿತು. 17 ತುಂಬಿದವರು ಕಾಲೇಜಿನ ಜೊತೆ ಒಪ್ಪಂದಕ್ಕೆ ಸಹಿ ಹಾಕಬಹುದು, ಹಣ ಮಾತ್ರ ಕಾಲೇಜು ಸೇರಿದ ಮೇಲೆ.

ಬೇಕು ಅನ್ನುವವರು, ಬೇಡ ಅನ್ನುವವರು

ಬೇಕು ಅನ್ನುವವರ ವಾದ ಸರಳ. ಅದೇ ಶಾಲೆಯಲ್ಲಿ ಹಾಡುವ ಹುಡುಗಿ ಕಾರ್ಯಕ್ರಮ ಕೊಟ್ಟು ಹಣ ಪಡೆಯಬಹುದು. ಸಿನಿಮಾದಲ್ಲಿ ನಟಿಸುವ ಹುಡುಗ ಶಾಲೆಯ ನಾಟಕದಲ್ಲೂ ಆಡಬಹುದು. ಬಾಸ್ಕೆಟ್‌ಬಾಲ್ ಆಡುವವನಿಗೆ ಮಾತ್ರ ಯಾಕೆ ಬೇಡಿ? ಇನ್ನೊಂದು ಮಾತು ಹೆಚ್ಚು ಗಂಭೀರವಾದದ್ದು. ಮೊಣಕಾಲು ಒಂದು ಸಲ ಹೋದರೆ ಮುಗಿಯಿತು. ಎಷ್ಟೋ ಮಕ್ಕಳ ಹೆಸರಿಗೆ ಬೆಲೆ ಇರುವುದು ಆ ಒಂದೆರಡು ವರ್ಷ ಮಾತ್ರ. ಬಡ ಮನೆಯ ಹುಡುಗನಿಗೆ ಆ ವರ್ಷಗಳಲ್ಲಿ ‘ಸ್ವಲ್ಪ ಕಾಯು’ ಅನ್ನುವುದು ಸುಲಭವಾದ ಉಪದೇಶ ಅಲ್ಲ.

ಬೇಡ ಅನ್ನುವವರು ಹಣವನ್ನು ದ್ವೇಷಿಸುವವರಲ್ಲ. ಅವರ ಆತಂಕ ತಂಡದ್ದು, ತರಗತಿಯದ್ದು. ಒಂದೇ ತಂಡದಲ್ಲಿ ಒಬ್ಬನಿಗೆ ಲಕ್ಷ, ಪಕ್ಕದಲ್ಲಿ ನಿಂತು ಅವನಿಗಾಗಿ ಏಟು ತಿನ್ನುವವನಿಗೆ ಏನೂ ಇಲ್ಲ. ಕೋಚ್ ಆಗಿರುವವರು ಬಹಳ ಕಡೆ ಶಾಲೆಯ ಮೇಷ್ಟ್ರೇ. ಅವರು ಒಬ್ಬ ಹುಡುಗನನ್ನು ಬೆಂಚಿನಲ್ಲಿ ಕೂರಿಸಿದರೆ ಇನ್ನು ಮುಂದೆ ಅದು ಅವನ ಆದಾಯದ ಪ್ರಶ್ನೆಯೂ ಆಗುತ್ತದೆ. ಅಪ್ಪ ಅಮ್ಮ ಏಜೆಂಟ್ ಜೊತೆ ಬಂದು ಕೇಳುತ್ತಾರೆ.

ಎರಡು ವಾದಗಳೂ ನಿಜ. ಆದರೆ ‘ಹಣ ಕೊಡಬೇಕಾ ಬೇಡವಾ’ ಎಂಬ ಚರ್ಚೆ ಕೋರ್ಟುಗಳಲ್ಲಿ ಬಹುಮಟ್ಟಿಗೆ ಮುಗಿದಿದೆ. ಅದರಲ್ಲೇ ಕಾಲ ಕಳೆದರೆ ಮುಂದಿನ, ಹೆಚ್ಚು ತುರ್ತಿನ ಪ್ರಶ್ನೆ ತಪ್ಪಿಹೋಗುತ್ತದೆ. 16 ವರ್ಷದ ಮಗು ಸಹಿ ಹಾಕುವ ಕಾಗದವನ್ನು ಯಾರು ಓದುತ್ತಾರೆ?

ಸಹಿಯ ಕೆಳಗಿನ ಸಣ್ಣ ಅಕ್ಷರ

ಜೇಡನ್ ರಶಾದಾ ಕ್ಯಾಲಿಫೋರ್ನಿಯಾದ ಹೈಸ್ಕೂಲ್ ಕ್ವಾರ್ಟರ್‌ಬ್ಯಾಕ್. 2022ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯವನ್ನು ಆರಿಸಿಕೊಂಡ. ಆ ಕಾಲೇಜಿನ ಬೆಂಬಲಿಗರ ಗುಂಪೊಂದು ಅವನಿಗೆ ಒಟ್ಟು 1.385 ಕೋಟಿ ಡಾಲರ್ ಕೊಡುವ ಒಪ್ಪಂದ ಮಾಡಿಕೊಂಡಿತ್ತು. ಹಣ ಬರಲಿಲ್ಲ, ಒಪ್ಪಂದ ಮುರಿದುಬಿತ್ತು. ಅವನು ಬೇರೆ ಕಾಲೇಜಿಗೆ ಹೋಗಬೇಕಾಯಿತು. 2024ರ ಮೇನಲ್ಲಿ, ತನಗೆ ಮೋಸ ಆಗಿದೆ ಎಂದು ಕೋಚ್ ಮತ್ತಿತರರ ಮೇಲೆ ಮೊಕದ್ದಮೆ ಹೂಡಿದ. ಮೊತ್ತ ಎಷ್ಟೇ ದೊಡ್ಡದಿರಲಿ, ಕೊಡುವ ಗುಂಪಿಗೆ ಕೈ ಬಿಡುವ ಹಕ್ಕು ಇದೆಯಾ ಎಂದು ನೋಡುವುದು ಮುಖ್ಯ. ಆ ವಯಸ್ಸಿನಲ್ಲಿ ಅದನ್ನು ನೋಡುವ ಕಣ್ಣು ಎಷ್ಟು ಮಕ್ಕಳಿಗೆ ಇರುತ್ತದೆ?

ಇನ್ನೊಂದು ಕಾಲೇಜು ಹಂತದ್ದು. ಜರ್ವಾನ್ ಡೆಕ್ಸ್ಟರ್ ಎಂಬ ಆಟಗಾರ 2022ರಲ್ಲಿ ಒಂದು ಹೂಡಿಕೆ ಕಂಪನಿಯಿಂದ 4,36,485 ಡಾಲರ್ ಪಡೆದ. ಬದಲಿಗೆ ವೃತ್ತಿಪರ ಲೀಗ್‌ನಲ್ಲಿ ಸಿಗುವ ಸಂಬಳದ 15 ಶೇಕಡಾವನ್ನು 25 ವರ್ಷ ಕೊಡುವುದಾಗಿ ಒಪ್ಪಿದ. ಮರುವರ್ಷ ಲೀಗ್‌ಗೆ ಆಯ್ಕೆಯಾದ ಮೇಲೆ ಆ ಕಾಗದದ ಭಾರ ಗೊತ್ತಾಗಿ ಕೋರ್ಟಿಗೆ ಹೋದ. ಕಾಲೇಜು ಹುಡುಗನೇ ಹೀಗೆ ಸಿಕ್ಕಿಕೊಂಡರೆ ಅವನಿಗಿಂತ ನಾಲ್ಕು ವರ್ಷ ಚಿಕ್ಕವನ ಗತಿ ಊಹಿಸಬಹುದು.

ಭಾರತದ ಕಾನೂನಿನಲ್ಲಿ 18 ತುಂಬದವರು ಮಾಡಿದ ಕರಾರಿಗೆ ಬೆಲೆಯೇ ಇಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ಅಂಥ ಕರಾರು ನಡೆಯುತ್ತದೆ, ಆದರೆ ಮಗು ಬೇಕಾದರೆ ಅದನ್ನು ರದ್ದು ಮಾಡಬಹುದು. ಕೇಳಲು ಇದು ರಕ್ಷಣೆ. ಆದರೆ ಕರಾರು ರದ್ದಾಗುವ ಭಯಕ್ಕೆ ಕಂಪನಿಗಳು ಅಪ್ಪ ಅಮ್ಮನ ಸಹಿಯನ್ನೂ ಕೇಳುತ್ತವೆ. ಆಗ ಮಗುವಿನ ಹಿತ ಕಾಯಬೇಕಾದವರೇ ಆ ವ್ಯವಹಾರದ ಒಂದು ಕಡೆಯಾಗುತ್ತಾರೆ. ಹಣದ ಅಡಚಣೆ ಇರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಬಾಲನಟರ ವಿಷಯದಲ್ಲಿ ಅಮೆರಿಕ ಈ ಪಾಠವನ್ನು ಬಹಳ ಹಿಂದೆಯೇ ಕಲಿತಿದೆ. ಜಾಕಿ ಕೂಗನ್ ಎಂಬ ಬಾಲನಟ ದುಡಿದ ಹಣವನ್ನೆಲ್ಲ ಮನೆಯವರು ಖರ್ಚು ಮಾಡಿದ್ದರು. ಅದಾದ ಮೇಲೆ 1939ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. ಇಂದು ಅಲ್ಲಿ ಬಾಲನಟರ ಗಳಿಕೆಯ 15 ಶೇಕಡಾವನ್ನು ಅವರು ದೊಡ್ಡವರಾಗುವವರೆಗೆ ಯಾರೂ ಮುಟ್ಟದ ಖಾತೆಗೆ ಹಾಕಲೇಬೇಕು. ಹೈಸ್ಕೂಲ್ ಕ್ರೀಡಾ ಸಂಘಗಳ ನಿಯಮಗಳು ಹೆಚ್ಚಾಗಿ ‘ಏನು ಮಾಡಬಾರದು’ ಎಂಬ ಪಟ್ಟಿಯಲ್ಲೇ ಮುಗಿಯುತ್ತವೆ. ಲೋಗೋ ಬಳಸಬಾರದು, ಸಮವಸ್ತ್ರ ಹಾಕಬಾರದು, ಮದ್ಯ, ತಂಬಾಕು, ಜೂಜಿನ ಜಾಹೀರಾತು ಕೂಡದು. ಇವೆಲ್ಲ ಶಾಲೆಯ ಹೆಸರನ್ನು ಕಾಯುತ್ತವೆ. ಮಗುವಿನ ಹಣವನ್ನು ಕಾಯುವ ಸಾಲು ಅದರಲ್ಲಿ ಬೇಕು. ತೆರಿಗೆಯ ಮಾತೂ ಇದೆ. ಈ ಹಣ ಸಾಮಾನ್ಯವಾಗಿ ಸ್ವಂತ ಉದ್ಯೋಗದ ಆದಾಯ. ಯಾರೂ ಮುಂಚೆ ತೆರಿಗೆ ಹಿಡಿದು ಕೊಡುವುದಿಲ್ಲ. ವರ್ಷದ ಕೊನೆಗೆ ಕಟ್ಟಬೇಕಾದಾಗ ಹಣ ಖರ್ಚಾಗಿರುತ್ತದೆ.

ಉಳಿದ ಮಕ್ಕಳ ಕಥೆ

ಸುದ್ದಿಯಲ್ಲಿ ಬರುವುದು ಕೆಲವೇ ಹೆಸರು. ಉಳಿದ ಲಕ್ಷಾಂತರ ಮಕ್ಕಳಿಗೆ ಈ ಬದಲಾವಣೆ ಬೇರೆ ದಾರಿಯಿಂದ ಮುಟ್ಟುತ್ತದೆ, ಅದೂ ಸದ್ದಿಲ್ಲದೆ. 2021ರಿಂದ ಕಾಲೇಜು ಆಟಗಾರರು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗಬಹುದು. ಹಣ ಕೊಡುವುದೇ ಆದರೆ ಕೋಚ್ ಯಾರನ್ನು ಕೊಳ್ಳುತ್ತಾರೆ? ಎರಡು ವರ್ಷ ಕಾಲೇಜಿನಲ್ಲಿ ಆಡಿ ತೋರಿಸಿದ 21ರ ಯುವಕನನ್ನೋ, ಇನ್ನೂ ಬೆಳೆಯುತ್ತಿರುವ 17ರ ಹುಡುಗನನ್ನೋ? ಮೇಲಾಗಿ 2025ರ ರಾಜಿಯ ಪ್ರಕಾರ ಅದನ್ನು ಒಪ್ಪಿದ ಕಾಲೇಜುಗಳ ಫುಟ್‌ಬಾಲ್ ತಂಡದಲ್ಲಿ 105 ಜನರ ಮಿತಿ ಬಂತು. ಮೊದಲು ಸ್ಕಾಲರ್‌ಶಿಪ್ ಇಲ್ಲದಿದ್ದರೂ ಇಷ್ಟಪಟ್ಟು ಸೇರುತ್ತಿದ್ದ ಹುಡುಗರಿಗೆ ಜಾಗ ಕಡಿಮೆಯಾಯಿತು. ಹೀಗಾಗಿ ಹೈಸ್ಕೂಲಿನ ತುದಿಯಲ್ಲಿರುವ ಕೆಲವರಿಗೆ ಹಿಂದೆಂದೂ ಕಾಣದಷ್ಟು ಹಣ, ಅವರ ಹಿಂದಿನ ಸಾಲಿನವರಿಗೆ ಮೊದಲಿಗಿಂತ ಕಿರಿದಾದ ಬಾಗಿಲು.

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳು ಗಮನಿಸಬೇಕಾದ ಒಂದು ವಿಷಯ ವೀಸಾ. ಅಲ್ಲೇ ಹುಟ್ಟಿದ ಮಕ್ಕಳು ಅಲ್ಲಿನ ಪ್ರಜೆಗಳು, ಅವರಿಗೆ ತೊಂದರೆ ಇಲ್ಲ. ಆದರೆ ಅಪ್ಪ ಅಥವಾ ಅಮ್ಮನ ಎಚ್-1ಬಿ ಮೇಲೆ ಎಚ್-4 ವೀಸಾದಲ್ಲಿ ಹೋದ ಮಕ್ಕಳು ಶಾಲಾ ತಂಡದಲ್ಲಿ ಆಡಬಹುದು, ದುಡಿಯುವಂತಿಲ್ಲ. ಹಣ ಪಡೆದು ಇನ್‌ಸ್ಟಾಗ್ರಾಂನಲ್ಲಿ ಒಂದು ಪೋಸ್ಟ್ ಹಾಕಿದರೂ ಅದು ದುಡಿಮೆ ಎನಿಸಿಕೊಳ್ಳುವ ಅಪಾಯ ಇದೆ. ಕೆಂಟಕಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ವೀಸಾದಲ್ಲಿದ್ದ ಕಾಂಗೋ ದೇಶದ ಆಟಗಾರ ಆಸ್ಕರ್ ಶೀಬ್ವೇ 2022ರಲ್ಲಿ ತಂಡ ಬಹಾಮಾಸ್‌ಗೆ ಹೋದಾಗ ಅಲ್ಲಿ ಜಾಹೀರಾತಿನ ಕೆಲಸ ಮುಗಿಸಿದ, ಅಮೆರಿಕದ ನೆಲದ ಮೇಲೆ ದುಡಿದಂತೆ ಆಗಬಾರದೆಂದು. ರಾಜ್ಯದ ಕ್ರೀಡಾ ಸಂಘ ಹೌದು ಎಂದ ಮಾತ್ರಕ್ಕೆ ವಲಸೆ ಕಾನೂನು ಹೌದು ಎಂದಂತಲ್ಲ. ಸಹಿ ಹಾಕುವ ಮೊದಲು ವಲಸೆ ವಕೀಲರನ್ನು ಕೇಳುವುದೇ ಸರಿ.

ಗೆರೆ ಕಾಯುವವರು ಯಾರು

ಈಗ ಮತ್ತೆ ಆ ಗೆರೆಗೆ ಬರೋಣ. ಅನುಮತಿ ಇರುವ ಕಡೆ ಹೈಸ್ಕೂಲ್ ನಿಯಮಗಳು ಹೇಳುವುದು ಹೆಚ್ಚುಕಡಿಮೆ ಒಂದೇ. ಹೆಸರಿಗೆ ಹಣ ಸರಿ, ಆಟಕ್ಕೆ ಹಣ ತಪ್ಪು, ಶಾಲೆ ಬದಲಿಸಲು ಹಣ ತಪ್ಪು. ಆದರೆ ಪ್ರತಿಭೆ ಇರುವ ಹುಡುಗ ಒಂದು ಖಾಸಗಿ ಶಾಲೆಗೆ ಬರುತ್ತಾನೆ, ತಿಂಗಳ ನಂತರ ಆ ಶಾಲೆಯ ಹಳೇ ವಿದ್ಯಾರ್ಥಿಯ ಅಂಗಡಿ ಅವನನ್ನು ಜಾಹೀರಾತಿಗೆ ಕರೆಯುತ್ತದೆ ಎಂದಿಟ್ಟುಕೊಳ್ಳಿ. ಎರಡಕ್ಕೂ ಸಂಬಂಧ ಇದೆ ಎಂದು ಸಾಬೀತು ಮಾಡುವುದು ಹೇಗೆ? ಕಾಲೇಜು ಹಂತದಲ್ಲಿ 2025ರಿಂದ 600 ಡಾಲರ್ ದಾಟಿದ ಒಪ್ಪಂದಗಳನ್ನು ಪರಿಶೀಲಿಸಲು ಒಂದು ಪ್ರತ್ಯೇಕ ವ್ಯವಸ್ಥೆ ಇದೆ. ಮೊತ್ತ ಮಾರುಕಟ್ಟೆಗೆ ತಕ್ಕದ್ದಾ ಎಂದು ಅಲ್ಲಿ ನೋಡುತ್ತಾರೆ. ಅಷ್ಟು ದೊಡ್ಡ ವ್ಯವಸ್ಥೆಯೇ ಏದುಸಿರು ಬಿಡುತ್ತಿರುವಾಗ, ನೂರಾರು ಶಾಲೆಗಳ ವೇಳಾಪಟ್ಟಿ, ಅಂಪೈರ್, ಟೂರ್ನಿಗಳನ್ನು ನೋಡಿಕೊಳ್ಳಲು ಹುಟ್ಟಿದ ರಾಜ್ಯ ಸಂಘಗಳಿಂದ ಎಷ್ಟು ನಿರೀಕ್ಷಿಸಬಹುದು?

2025ರ ಫುಟ್‌ಬಾಲ್ ಸೀಸನ್‌ನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಇದರ ಒಂದು ತುದಿ ಕಂಡಿತು. ಶಾಲೆ ಬದಲಿಸಲು ಸುಳ್ಳು ಮಾಹಿತಿ ಕೊಟ್ಟರು ಎಂದು ಅಲ್ಲಿನ ಸಂಘ ಅನೇಕ ಶಾಲೆಗಳ ಹತ್ತಾರು ಆಟಗಾರರನ್ನು ಅನರ್ಹಗೊಳಿಸಿತು. ಒಂದು ಖಾಸಗಿ ಶಾಲೆ ಇಡೀ ಸೀಸನ್ ಕೈಬಿಟ್ಟಿತು. ವರ್ಗಾವಣೆಗೆ ಕೊಟ್ಟ ಕಾಗದಗಳು ಸಂಘದ ಮೇಜಿನ ಮೇಲೆ ಇದ್ದವು, ಅಧಿಕಾರಿಗಳು ಪರಿಶೀಲಿಸಿದರು, ಹಾಗಾಗಿ ಸಿಕ್ಕಿಬಿದ್ದವು. ಪಾರ್ಕಿಂಗ್ ಜಾಗದಲ್ಲಿ ನಿಂತು ಬಾಯಲ್ಲಿ ಕೊಟ್ಟ ಭರವಸೆಗೆ ಅಂಥ ಕಾಗದ ಇರುವುದಿಲ್ಲ.